365 ಎಚ್‌ಪಿ, 285 ಎಚ್‌ಪಿ: ಒಂದೇ ಎಂಜಿನ್, ಎರಡು ಲೆಕ್ಕ

ದಾವಣಗೆರೆಯಲ್ಲಿ ನನ್ನ ಜೊತೆ ಆಟೊಮೊಬೈಲ್ ಡಿಪ್ಲೊಮಾ ಓದುತ್ತಿರುವವರಿಗೆ ಈ ಟಿಪ್ಪಣಿ. ಹಳೇ ಅಮೆರಿಕನ್ ಮಸಲ್ ಕಾರನ್ನು (ದೊಡ್ಡ ಎಂಜಿನ್ನಿನ, ಜೋರು ಓಟದ ಕಾರು) ಇವತ್ತಿನ ಐಷಾರಾಮಿ ಸೆಡಾನ್ ಜೊತೆ ಹೋಲಿಸಿ ಅಂದರೆ ನಾವೆಲ್ಲ ಮೊದಲು ಬರೆಯುವುದು ಎಚ್‌ಪಿ, ಅಂದರೆ ಹಾರ್ಸ್‌ಪವರ್, ಎಂಜಿನ್ನಿನ ಶಕ್ತಿಯ ಅಳತೆ. ಎಡವುವುದೂ ಅಲ್ಲೇ.

1971ರ ಶೆವರ್ಲೆ ಶೆವೆಲ್ ಎಸ್‌ಎಸ್ 454 ತಗೊಳ್ಳೋಣ. 454 ಅನ್ನೋದು ಘನ ಇಂಚಿನಲ್ಲಿ ಎಂಜಿನ್ನಿನ ಗಾತ್ರ, ಅಂದರೆ ಸಿಲಿಂಡರ್‌ಗಳ ಒಳಗಿನ ಜಾಗ. ನಮ್ಮ ಲೆಕ್ಕಕ್ಕೆ 7.4 ಲೀಟರ್. ಎಂಟು ಸಿಲಿಂಡರ್, ಗಾಳಿಗೆ ಪೆಟ್ರೋಲ್ ಬೆರೆಸಲು ಕಾರ್ಬುರೇಟರ್. ಆ ವರ್ಷ ಕಂಪನಿ ಇದೇ ಎಂಜಿನ್ನಿಗೆ ಎರಡು ಅಂಕಿ ಕೊಟ್ಟಿತ್ತು: ಗ್ರಾಸ್ 365, ನೆಟ್ 285.

ಗ್ರಾಸ್ ಅಂದರೆ ಎಂಜಿನ್ ಒಂದನ್ನೇ ಟೆಸ್ಟ್ ಬೆಂಚಿನ ಮೇಲೆ ಕೂರಿಸಿ, ಏರ್ ಫಿಲ್ಟರ್, ಆಲ್ಟರ್ನೇಟರ್, ಸೈಲೆನ್ಸರ್ ಇಲ್ಲದೆ ಅಳೆದದ್ದು. ನೆಟ್ ಅಂದರೆ ಕಾರಿನಲ್ಲಿ ಇರುವ ಹಾಗೆ ಎಲ್ಲ ಜೋಡಿಸಿ ಅಳೆದದ್ದು. ನಮ್ಮ ಎಪಿಎಂಸಿಗೆ ಮೆಕ್ಕೆಜೋಳ ತರುವ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಹಸಿ ಕಾಳಿನ ತೂಕ ಬೇರೆ, ಒಣಗಿಸಿದ ಮೇಲಿನ ತೂಕ ಬೇರೆ, ಅಲ್ವಾ? ಇಲ್ಲಿ ಆ ವ್ಯತ್ಯಾಸವೇ 80 ಎಚ್‌ಪಿ.

1972ರಿಂದ ಅಮೆರಿಕದಲ್ಲಿ ನೆಟ್ ಅಂಕಿಯೇ ಬಳಕೆಗೆ ಬಂತು. ಅದಕ್ಕೇ 1970ರ ಅಂಕಿಯ ಪಕ್ಕ 1972ರದನ್ನು ಇಟ್ಟರೆ ಕಾರುಗಳ ಶಕ್ತಿ ದಿಢೀರನೆ ಕುಸಿದಂತೆ ಕಾಣುತ್ತದೆ. ಅದರಲ್ಲಿ ಒಂದು ಪಾಲು ನಿಜವೇ. ಸೀಸ ಕಡಿಮೆ ಇರುವ ಪೆಟ್ರೋಲಿಗೆ ಒಗ್ಗಲಿ ಎಂದು ಶೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟಾರ್ಸ್ 1971ರಲ್ಲಿ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಅದುಮುವ ಪ್ರಮಾಣ) ಇಳಿಸಿತ್ತು. ಉಳಿದದ್ದು ಅಳತೆಯ ಬದಲಾವಣೆ. ಪರೀಕ್ಷೆಯಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಬರೆಯಿರಿ.

ಈಗ ಇವತ್ತಿನ ಸೆಡಾನ್, ಬಿಎಂಡಬ್ಲ್ಯು ಎಂ340ಐ. ಬರೀ 3 ಲೀಟರ್, ಆರು ಸಿಲಿಂಡರ್, ಆದರೂ ಸುಮಾರು 380 ಎಚ್‌ಪಿ. ಇದನ್ನು ಶೆವೆಲ್‌ನ 365ರ ಜೊತೆ ಹೋಲಿಸಬಾರದು, 285ರ ಜೊತೆ ಹೋಲಿಸಬೇಕು. ಲೀಟರ್‌ಗೆ ಭಾಗಿಸಿದರೆ ಶೆವೆಲ್‌ಗೆ 38 ಚಿಲ್ಲರೆ, ಬಿಎಂಡಬ್ಲ್ಯುಗೆ 125ಕ್ಕೂ ಜಾಸ್ತಿ. ಮೂರು ಪಟ್ಟು! ಕಾರಣ ಟರ್ಬೊ. ಕಮ್ಮಾರನ ಕುಲುಮೆಗೆ ತಿದಿ ಒತ್ತಿದ ಹಾಗೆ, ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗುವ ಚಕ್ರ ಸಿಲಿಂಡರಿಗೆ ಗಾಳಿ ತುಂಬುತ್ತದೆ. ಗಾಳಿ ಹೆಚ್ಚಿದರೆ ಅಷ್ಟೇ ಜಾಗದಲ್ಲಿ ಹೆಚ್ಚು ಪೆಟ್ರೋಲ್ ಉರಿಸಬಹುದು. ಎಷ್ಟು ಪೆಟ್ರೋಲ್, ಯಾವ ಕ್ಷಣಕ್ಕೆ ಎಂದು ತೀರ್ಮಾನಿಸುವುದು ಕಂಪ್ಯೂಟರ್. ಶೆವೆಲ್‌ಗೆ ಟರ್ಬೊ ಇರಲಿಲ್ಲ. ಅದರ ಬಲವೆಲ್ಲ ಗಾತ್ರದಿಂದಲೇ ಬರಬೇಕಿತ್ತು. ಆ ಕಾಲದ ಎಂಜಿನಿಯರುಗಳಿಗೆ ಗೊತ್ತಿದ್ದ ನೇರ ದಾರಿ ಅದು, ಅದನ್ನು ಕೀಳಾಗಿ ನೋಡುವುದು ನನಗಂತೂ ಸರಿ ಕಾಣುವುದಿಲ್ಲ.

ಗೇರ್‌ಬಾಕ್ಸ್ ವಿಷಯ ಚಿಕ್ಕದು. ಶೆವೆಲ್‌ನ ಆಟೊಮ್ಯಾಟಿಕ್‌ಗೆ ಮೂರು ಗೇರು, ಎಂ340ಐಗೆ ಎಂಟು.

ಕೊನೆಗೆ ಹಿಂದಿನ ಆಕ್ಸಲ್. ಪಿ.ಬಿ. ರಸ್ತೆಯ ಯಾವುದಾದರೂ ಗ್ಯಾರೇಜಿನಲ್ಲಿ ಬೊಲೆರೊ ಹಿಂಬದಿಗೆ ಬಗ್ಗಿ ನೋಡಿ. ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಹಿಡಿದಿರುತ್ತದೆ. ಶೆವೆಲ್‌ನಲ್ಲೂ ಗಟ್ಟಿ ಆಕ್ಸಲ್ಲೇ. ಬೊಲೆರೊದಲ್ಲಿ ಪಟ್ಟಿ ಸ್ಪ್ರಿಂಗ್, ಶೆವೆಲ್‌ನಲ್ಲಿ ಕಾಯಿಲ್ ಸ್ಪ್ರಿಂಗ್, ಅಷ್ಟೇ ಬೇರೆ. ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದೂ ವಾಲುತ್ತದೆ. ಎಂ340ಐನಲ್ಲಿ ಪ್ರತಿ ಚಕ್ರ ತನ್ನಷ್ಟಕ್ಕೆ ಏರಿಳಿಯುತ್ತದೆ. ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ನೇರ ಹೋಗುವಾಗ ಈ ವ್ಯತ್ಯಾಸ ಅಷ್ಟಾಗಿ ತಿಳಿಯದು. ಜೋಗಿಮಟ್ಟಿ ಬೆಟ್ಟದ ತಿರುವುಗಳಲ್ಲಿ, ಅದೂ ರಸ್ತೆ ಕಿತ್ತುಹೋದ ಕಡೆ, ಗಟ್ಟಿ ಆಕ್ಸಲ್ಲಿನ ಗಾಡಿಯ ಹಿಂಭಾಗ ಪಕ್ಕಕ್ಕೆ ಜಿಗಿಯುವುದು ಸೀಟಿನಲ್ಲಿ ಕೂತವರಿಗೇ ಗೊತ್ತಾಗುತ್ತದೆ.