ಹಲ್ಲಿದ್ದರೂ ಅಗಿಯದ ತಿಮಿಂಗಿಲಗಳು

ದಡಕ್ಕೆ ಬಂದು ಬಿದ್ದ ಸತ್ತ ತಿಮಿಂಗಿಲದ ಹತ್ತಿರ ಹೋದಾಗ ನಾನು ಮೊದಲು ನೋಡುವುದು ನೆತ್ತಿ. ಉಸಿರಾಡುವ ತೂತು ಒಂದೇ ಇದ್ದರೆ ಅದು ಹಲ್ಲಿನ ತಿಮಿಂಗಿಲ. ಎರಡಿದ್ದರೆ ನೀಲಿ ತಿಮಿಂಗಿಲದ ಕಡೆಯವರು, ಬಾಯಲ್ಲಿ ಹಲ್ಲಿನ ಬದಲು ಜರಡಿ ಇರುವವರು. ಇಲ್ಲಿವರೆಗೆ ಸುಲಭ. ತಲೆನೋವು ಶುರುವಾಗುವುದು ಬಾಯಿ ತೆರೆದ ಮೇಲೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಲ್ಲಿನ ತಿಮಿಂಗಿಲಗಳಲ್ಲೇ ಒಂದಾದ, ಮೂತಿ ಕೊಕ್ಕಿನಂತಿರುವ ಕೊಕ್ಕಿನ ತಿಮಿಂಗಿಲದ ಬಾಯಲ್ಲಿ ಕೈಯಾಡಿಸಿ, ‘ಹಲ್ಲೇ ಇಲ್ಲ’ ಅಂತ ಬರೆದುಕೊಂಡಿದ್ದೆ. ಜೊತೆಗಿದ್ದ ಹಿರಿಯರು ನಕ್ಕರು. ಚಾಕು ತಗೊಂಡು ಒಸಡು ಸೀಳಿದರು. ಕೆಳದವಡೆಯಲ್ಲಿ ಒಂದು ಜೊತೆ ಹಲ್ಲು ಒಳಗೇ ಹೂತುಕೊಂಡಿತ್ತು. ಅದು ಹೆಣ್ಣು. ಈ ಗುಂಪಿನ ಬಹುತೇಕ ಜಾತಿಗಳಲ್ಲಿ ಹೆಣ್ಣಿನ ಹಲ್ಲು ಸಾಯುವತನಕ ಹೊರಗೆ ಬರುವುದೇ ಇಲ್ಲ. ಗಂಡಿಗೆ ಬರುತ್ತದೆ. ಆದರೆ ಅದು ಊಟಕ್ಕಲ್ಲ, ಜಗಳಕ್ಕೆ. ಗಂಡುಗಳ ಮೈಮೇಲಿನ ಉದ್ದುದ್ದ ಬಿಳಿ ಗೀರು ನೋಡಿದರೆ ಸಾಕು, ಗೊತ್ತಾಗುತ್ತದೆ.

ಇದೇ ಗುಂಪಿನಲ್ಲಿ ಪಟ್ಟಿಹಲ್ಲಿನ ತಿಮಿಂಗಿಲ ಅಂತ ಒಂದಿದೆ. ಗಂಡಿನ ಎರಡು ಹಲ್ಲುಗಳು ಮೇಲಿನ ದವಡೆಯ ಮೇಲೆ ಬಾಗಿ ಬೆಳೆದು ಬಾಯಿಗೆ ಬೆಲ್ಟ್ ಕಟ್ಟಿದ ಹಾಗಿರುತ್ತವೆ. ಬಾಯಿ ಕೆಲವೇ ಸೆಂಟಿಮೀಟರ್ ತೆರೆಯುತ್ತದೆ. ಆದರೂ ಉಪವಾಸ ಬಿದ್ದಿಲ್ಲ. ನಾಲಿಗೆಯನ್ನು ಹಿಂದಕ್ಕೆಳೆದು ಸ್ಕ್ವಿಡ್ಡನ್ನು ಸೊರ್ ಅಂತ ಹೀರಿಕೊಂಡು ನುಂಗುತ್ತದೆ.

ಸ್ಪರ್ಮ್ ತಿಮಿಂಗಿಲದ ಕಥೆಯೂ ಹೆಚ್ಚು ಕಡಿಮೆ ಹೀಗೇ. ಕೆಳದವಡೆಯಲ್ಲಿ 20ರಿಂದ 26 ಜೊತೆ ಹಲ್ಲು, ದೊಡ್ಡ ಗಂಡಿನ ಒಂದೊಂದು ಹಲ್ಲು 1 ಕಿಲೋವರೆಗೆ ತೂಗುತ್ತದೆ. ಆದರೆ ಮರಿಗಳು ಹಲ್ಲು ಮೂಡುವ ಎಷ್ಟೋ ಮೊದಲೇ ಸ್ಕ್ವಿಡ್ ತಿನ್ನಲು ಶುರು ಮಾಡಿರುತ್ತವೆ. ದವಡೆ ಸೊಟ್ಟಗಾದ ಸ್ಪರ್ಮ್ ತಿಮಿಂಗಿಲಗಳೂ ಗುಂಡಗೆ ಕೊಬ್ಬಿಕೊಂಡೇ ಸಿಕ್ಕಿವೆ. ಹಾಗಾದರೆ ಹಲ್ಲು ಯಾಕೆ ಅಲ್ವಾ?

ನನ್ನ ಕೇಳಿದರೆ ‘ಹಲ್ಲಿನ ತಿಮಿಂಗಿಲ’ ಅನ್ನುವ ಹೆಸರೇ ತಪ್ಪು. ಇವುಗಳ ಬಂಡವಾಳ ಹಲ್ಲಲ್ಲ, ಸದ್ದು. ಡಾಲ್ಫಿನ್ ಕೂಡ ಹಲ್ಲಿನ ತಿಮಿಂಗಿಲಗಳ ಗುಂಪಿನದೇ. ಸ್ವಚ್ಛ ಮಾಡಿದ ಅದರ ದವಡೆಯನ್ನು ಬಲ್ಬಿನ ಮುಂದೆ ಹಿಡಿಯಿರಿ. ಹಿಂಭಾಗದ ಮೂಳೆ ಎಷ್ಟು ತೆಳುವೆಂದರೆ ಬೆಳಕು ಆಚೆಯಿಂದ ಹಾದು ಬರುತ್ತದೆ. ಬದುಕಿರುವಾಗ ಅದರೊಳಗೆ ಕೊಬ್ಬು ತುಂಬಿರುತ್ತದೆ. ಮೂಗಿನ ದಾರಿಯಲ್ಲಿ ಹುಟ್ಟಿದ ಕ್ಲಿಕ್ ಸದ್ದು ಹಣೆಯ ಕೊಬ್ಬಿನ ಮೂಲಕ ಹೊರಟು, ಬೇಟೆಗೆ ಬಡಿದು, ಪ್ರತಿಧ್ವನಿಯಾಗಿ ವಾಪಸ್ ಬಂದು, ಈ ದವಡೆಯ ಕೊಬ್ಬಿನ ಮೂಲಕವೇ ಒಳಕಿವಿ ಸೇರುತ್ತದೆ. ದವಡೆಯೇ ಕಿವಿ ಅಂದರೂ ನಡೆಯುತ್ತದೆ. ಗಂಗೆಯ ಡಾಲ್ಫಿನ್‌ಗೆ ಕಣ್ಣು ಇದ್ದೂ ಇಲ್ಲದ ಹಾಗೆ. ಕೆಸರು ನೀರಲ್ಲಿ ಅದು ಬದುಕುವುದು ಪೂರ್ತಿ ಈ ಸದ್ದಿನ ಮೇಲೆಯೇ.

ಹಾಗಂತ ಹಲ್ಲು ಎಲ್ಲರಿಗೂ ದಂಡವಲ್ಲ. ಓರ್ಕಾ, ಅಂದರೆ ಡಾಲ್ಫಿನ್ ಕುಟುಂಬದ ಅತಿ ದೊಡ್ಡ ಸದಸ್ಯ, ಹಲ್ಲನ್ನು ಚೆನ್ನಾಗಿಯೇ ಬಳಸುತ್ತದೆ. ಶಾರ್ಕ್ ತಿನ್ನುವ ಓರ್ಕಾಗಳ ಹಲ್ಲು ಒರಟು ಚರ್ಮಕ್ಕೆ ಉಜ್ಜಿ ಉಜ್ಜಿ ಒಸಡಿನ ಮಟ್ಟಕ್ಕೆ ಸವೆದಿರುತ್ತದೆ. ಡಾಲ್ಫಿನ್ನೋ, ಅದರ ಹಾಗೇ ಕಾಣುವ ನೆಂಟ ಪಾರ್ಪಾಯ್ಸೋ ಅಂತ ಗೊಂದಲವಾದರೆ ನನಗೆ ಒಂದು ಹಲ್ಲು ಸಾಕು: ಚೂಪಾಗಿದ್ದರೆ ಡಾಲ್ಫಿನ್, ಪುಟ್ಟ ಸನಿಕೆಯ ಹಾಗೆ ಚಪ್ಪಟೆಯಾಗಿದ್ದರೆ ಪಾರ್ಪಾಯ್ಸ್. ಆರ್ಕ್ಟಿಕ್ ಕಡಲಿನ ನಾರ್ವಾಲ್ ತಿಮಿಂಗಿಲದ ‘ಕೊಂಬು’ ಕೂಡ ಹಲ್ಲೇ. ಗಂಡಿನ ಎಡಗಡೆಯ ಕೋರೆಹಲ್ಲು ತುಟಿ ತೂರಿಕೊಂಡು, ತಿರುಚಿಕೊಂಡು, 3 ಮೀಟರ್‌ವರೆಗೆ ಬೆಳೆಯುತ್ತದೆ. ಬಾಯೊಳಗೆ ಮಾತ್ರ ಅಗಿಯಲು ಒಂದು ಹಲ್ಲೂ ಇಲ್ಲ!

ಹಲ್ಲಿನಿಂದ ಜಾಸ್ತಿ ಲಾಭ ನಮ್ಮಂಥವರಿಗೇ. ಹಲ್ಲಿನ ತಿಮಿಂಗಿಲಗಳಿಗೆ ಹಾಲುಹಲ್ಲು ಬಿದ್ದು ಹೊಸದು ಬರುವ ಪದ್ಧತಿಯಿಲ್ಲ, ಜೀವಮಾನಕ್ಕೆ ಒಂದೇ ಸೆಟ್. ಉದ್ದಕ್ಕೆ ಸೀಳಿ, ತೆಳುವಾಗಿ ಉಜ್ಜಿ, ಮೈಕ್ರೋಸ್ಕೋಪ್ ಕೆಳಗಿಟ್ಟರೆ ಮರದ ಉಂಗುರಗಳಂತೆ ಪದರಗಳು ಕಾಣುತ್ತವೆ. ಅವನ್ನು ಎಣಿಸಿ ವಯಸ್ಸು ಹೇಳುತ್ತೇವೆ. ಮುದಿ ಬೆಲುಗಾ ತಿಮಿಂಗಿಲಗಳಲ್ಲಿ ಮಾತ್ರ ತುದಿ ಸವೆದು, ಮೊದಲ ವರ್ಷಗಳ ಪದರಗಳೇ ಮಾಯವಾಗಿರುತ್ತವೆ. ಅಂಥ ಹಲ್ಲು ಬಂದಾಗ ಉಳಿದಷ್ಟನ್ನು ಎಣಿಸಿ, ಪಕ್ಕದಲ್ಲಿ ‘ಕನಿಷ್ಠ’ ಅಂತ ಸೇರಿಸಿ ಪೆನ್ನು ಕೆಳಗಿಡುತ್ತೇನೆ.