‘ಡಸ್’ ಬಂದಾಗ ಆ ‘ಎಸ್’ ಎಲ್ಲಿ ಹೋಯಿತು?

ಸಿಂಪಲ್ ಪ್ರೆಸೆಂಟ್ ಟೆನ್ಸ್ ಅಂದರೇನು, ‘ಹಿ, ಶಿ, ಇಟ್’ ಬಂದರೆ ಕ್ರಿಯಾಪದಕ್ಕೆ ಎಸ್ ಸೇರಿಸಬೇಕು, ಇಷ್ಟು ಗೊತ್ತಿದೆ ಅಂತ ಇಟ್ಟುಕೊಂಡೇ ಈ ಟಿಪ್ಪಣಿ ಬರೆಯುತ್ತಿದ್ದೇನೆ. ‘ಐ ವರ್ಕ್, ಶಿ ವರ್ಕ್ಸ್’ ತನಕ ನಮ್ಮ ಗಾಡಿ ಸರಾಗ. ಅದನ್ನೇ ‘ಇಲ್ಲ’ ಅನ್ನಬೇಕಾದಾಗ, ಇಲ್ಲವೇ ಪ್ರಶ್ನೆ ಮಾಡಬೇಕಾದಾಗ ತಡವರಿಕೆ ಶುರು. ಉದಾಹರಣೆಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಜೋರಾಗಿ ಓದಿಕೊಳ್ಳಿ, ಇದು ಕಣ್ಣಿಗಿಂತ ಬೇಗ ಕಿವಿಗೆ ಹತ್ತುವ ವಿಷಯ.

ಎಸ್ ಇರುವುದು ಒಂದೇ

ಮೂರು ವಾಕ್ಯ ಒಂದರ ಕೆಳಗೊಂದು ಬರೆದುಕೊಳ್ಳಿ.

ಶಿ ವರ್ಕ್ಸ್ ಇನ್ ಎ ಬ್ಯಾಂಕ್.
ಶಿ ಡಸ್ ನಾಟ್ ವರ್ಕ್ ಇನ್ ಎ ಬ್ಯಾಂಕ್.
ಡಸ್ ಶಿ ವರ್ಕ್ ಇನ್ ಎ ಬ್ಯಾಂಕ್?

ಈಗ ಪ್ರತಿ ಸಾಲಿನ ಕ್ರಿಯಾಪದದ ಭಾಗದಲ್ಲಿ ಎಸ್ ಎಲ್ಲಿದೆ ಅಂತ ಬೆರಳಿಟ್ಟು ನೋಡಿ. ಮೊದಲನೆಯದರಲ್ಲಿ ‘ವರ್ಕ್ಸ್’ನ ಬಾಲದಲ್ಲಿದೆ. ಉಳಿದೆರಡರಲ್ಲಿ ‘ಡೂ’ಗೆ ಅಂಟಿ ‘ಡಸ್’ ಆಗಿದೆ, ‘ವರ್ಕ್’ ಬೋಳಾಗಿದೆ. ಎಸ್ ಮಾಯವಾಗಿಲ್ಲ, ಜಾಗ ಬದಲಿಸಿದೆ. ಮನೆಗೆ ಒಂದೇ ಬೀಗದ ಕೈ ಇದ್ದ ಹಾಗೆ: ಅದು ‘ಡಸ್’ ಹತ್ತಿರ ಇದ್ದರೆ ‘ವರ್ಕ್’ ಹತ್ತಿರ ಇರಲು ಸಾಧ್ಯವಿಲ್ಲ. ಹಾಗಾಗಿ ‘ಡಸ್ ಶಿ ವರ್ಕ್ಸ್’ ತಪ್ಪು, ಅಲ್ಲಿ ಎಸ್ ಎರಡಾಯಿತು. ‘ಶಿ ಡೋಂಟ್ ವರ್ಕ್’ ಕೂಡ ತಪ್ಪು, ಅಲ್ಲಿ ಒಂದೂ ಉಳಿಯಲಿಲ್ಲ.

ಆದರೆ ಎಲ್ಲೂ ಇಲ್ಲದ ‘ಡೂ’ ಎಲ್ಲಿಂದ ಬಂತು? ಅದು ಮೊದಲಿಂದಲೂ ಒಳಗೇ ಇತ್ತು ಅಂದುಕೊಂಡರೆ ಎಲ್ಲ ಸಲೀಸು. ‘ವರ್ಕ್’ ಅಂದರೆ ಒಳಗೆ ‘ಡೂ ವರ್ಕ್’, ‘ವರ್ಕ್ಸ್’ ಅಂದರೆ ಒಳಗೆ ‘ಡಸ್ ವರ್ಕ್’. ಮಾಮೂಲಿ ವಾಕ್ಯದಲ್ಲಿ ಅದು ಕಾಣಿಸುವುದಿಲ್ಲ. ಜಗಳದಲ್ಲಿ ಮಾತ್ರ ಹೊರಗೆ ಬರುತ್ತದೆ. ಯಾರೋ ‘ಅವಳು ಕೆಲಸವೇ ಮಾಡಲ್ಲ’ ಅಂದರೆ ಇಂಗ್ಲಿಷಿನವರು ‘ಶಿ ಡಸ್ ವರ್ಕ್!’ ಅಂತ ‘ಡಸ್’ ಮೇಲೆ ಒತ್ತು ಕೊಟ್ಟು ಹೇಳುತ್ತಾರೆ, ‘ಮಾಡೇ ಮಾಡ್ತಾಳೆ’ ಅನ್ನುವ ಹಾಗೆ. ಅಲ್ಲೂ ‘ವರ್ಕ್’ ಬೋಳೇ ಇದೆ ಗಮನಿಸಿ.

ಹಿಂದೆ ಈ ‘ಡೂ’ ಕಡ್ಡಾಯವೂ ಇರಲಿಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್‌ನ ಇಂಗ್ಲಿಷಿನಲ್ಲಿ ‘ನನಗೆ ಗೊತ್ತಿಲ್ಲ’ ಅನ್ನಲು ‘ಐ ನೋ ನಾಟ್’ ಅನ್ನುತ್ತಾರೆ. ಕ್ರಿಯಾಪದದ ಹಿಂದೆ ‘ನಾಟ್’ ಹಾಕಿದರೆ ಮುಗಿಯಿತು, ಹೆಚ್ಚುಕಡಿಮೆ ನಮ್ಮ ‘ಇಲ್ಲ’ದ ಥರವೇ. ಅದೇ ಉಳಿದಿದ್ದರೆ ನಮಗೆ ಎಷ್ಟು ಸುಖವಿತ್ತು!

ನಮ್ಮ ತಪ್ಪುಗಳು ಬರುವ ದಾರಿ

ಎರಡು ತಪ್ಪಿಗೂ ಕಾರಣ ಕನ್ನಡದಲ್ಲೇ ಇದೆ ಅನ್ನುವುದು ನನ್ನ ಲೆಕ್ಕಾಚಾರ. ನಾನು ಹೋಗುತ್ತೇನೆ, ಅವಳು ಹೋಗುತ್ತಾಳೆ, ಅವರು ಹೋಗುತ್ತಾರೆ: ಇಲ್ಲಿ ಆಳಿಗೊಂದು ಬಾಲ. ಇದನ್ನೇ ಇಲ್ಲ ಮಾಡಿ ನೋಡಿ. ನಾನು ಹೋಗುವುದಿಲ್ಲ, ಅವಳು ಹೋಗುವುದಿಲ್ಲ, ಅವರು ಹೋಗುವುದಿಲ್ಲ. ಬಾಲ ಪೂರ್ತಿ ಅಳಿಸಿಹೋಯಿತು! ‘ಇಲ್ಲ’ ಅಂದಕೂಡಲೇ ಯಾರು ಅನ್ನುವ ಗುರುತು ಕ್ರಿಯಾಪದದಿಂದ ಬಿಡುವುದು ನಮ್ಮ ನಾಲಿಗೆಗೆ ಹುಟ್ಟಿನಿಂದ ಬಂದ ಅಭ್ಯಾಸ. ಆದ್ದರಿಂದ ‘ಐ ಡೋಂಟ್, ಶಿ ಡೋಂಟ್, ದೇ ಡೋಂಟ್’ ಅಂತ ಒಂದೇ ಅಚ್ಚಿನಲ್ಲಿ ಬಂದುಬಿಡುತ್ತದೆ.

ಪ್ರಶ್ನೆಯಲ್ಲಿ ಇದರ ಉಲ್ಟಾ. ‘ಹೋಗುತ್ತಾಳೆ’ಯನ್ನು ಪ್ರಶ್ನೆ ಮಾಡಿದರೆ ‘ಹೋಗುತ್ತಾಳಾ?’ ಬಾಲ ಹಾಗೇ ಉಳಿಯಿತು, ಕೊನೆಯಲ್ಲಿ ಒಂದು ‘ಆ’ ಸೇರಿತು ಅಷ್ಟೆ. ಅದೇ ಧಾಟಿಯಲ್ಲಿ ‘ಗೋಸ್’ ಅನ್ನು ಮುಟ್ಟದೆ ಮುಂದೊಂದು ‘ಡಸ್’ ಸಿಕ್ಕಿಸಿ ‘ಡಸ್ ಶಿ ಗೋಸ್?’ ಅನ್ನುತ್ತೇವೆ. ಹಾಗಾಗಿ ಇಲ್ಲ-ವಾಕ್ಯ ಬರೆದಾಗ ‘ಎಸ್ ಬಿಟ್ಟುಹೋಯಿತೇ?’ ಅಂತ ನೋಡಿ, ಪ್ರಶ್ನೆ ಬರೆದಾಗ ‘ಎಸ್ ಹೆಚ್ಚಾಯಿತೇ?’ ಅಂತ ನೋಡಿ. ಎರಡಕ್ಕೂ ಒಂದೇ ತಪಾಸಣೆ ಸಾಲದು.

(ಇಂಗ್ಲಿಷ್ ಮಾತೃಭಾಷೆಯಾದ ಎಷ್ಟೋ ಜನರ ಆಡುಮಾತಿನಲ್ಲೂ ‘ಶಿ ಡೋಂಟ್’ ಇದೆ. ಹಾಗಂತ ಪರೀಕ್ಷೆಯಲ್ಲಿ ಬರೆದರೆ ಅಂಕ ಬರುವುದಿಲ್ಲ.)

ಹ್ಯಾಸ್, ಮತ್ತು ಎರಡು ‘ಡೂ’

‘ಹ್ಯಾಸ್’ನಿಂದ ಎಸ್ ತೆಗೆದರೆ ‘ಹ್ಯಾವ್’. ಆದ್ದರಿಂದ ‘ಡಸ್ ಇಟ್ ಹ್ಯಾವ್ ವಾರಂಟಿ?’, ‘ಇಟ್ ಡಸಂಟ್ ಹ್ಯಾವ್ ವಾರಂಟಿ.’ ‘ಡಸ್ ಇಟ್ ಹ್ಯಾಸ್’ ಅಲ್ಲ.

‘ವಾಟ್ ಡಸ್ ಯುವರ್ ಫಾದರ್ ಡೂ?’ ಇಲ್ಲಿ ಮೊದಲಿನ ‘ಡಸ್’ ಬರೀ ಸಹಾಯಕ, ಅದಕ್ಕೆ ಅರ್ಥವಿಲ್ಲ. ಕೊನೆಯ ‘ಡೂ’ ನಿಜವಾದ ‘ಮಾಡು’. ಕೊನೆಯದನ್ನು ನುಂಗಿ ‘ವಾಟ್ ಡಸ್ ಯುವರ್ ಫಾದರ್?’ ಅಂದರೆ ‘ನಿಮ್ಮ ತಂದೆ ಏನು’ ಅಂತ ಕೇಳಿ ಅಲ್ಲೇ ನಿಂತ ಹಾಗೆ. ಇನ್ನೊಂದು: ‘ಗೋಸ್’ ಥರವೇ ಬರೆಯುತ್ತಾರಲ್ಲ ಅಂತ ‘ಡೂಸ್’ ಅಂತ ಓದಬೇಡಿ.

‘ಆರ್ ಯೂ’ನಾ, ‘ಡೂ ಯೂ’ನಾ?

‘ಆಮ್, ಈಸ್, ಆರ್’ ಇರುವ ವಾಕ್ಯಕ್ಕೆ ‘ಡೂ’ ಬೇಡ. ‘ನಾಟ್’ ಹಾಕಿ, ಇಲ್ಲವೇ ಅದನ್ನೇ ಮುಂದಕ್ಕೆ ತನ್ನಿ: ‘ಶಿ ಈಸ್ ನಾಟ್ ಎ ಡಾಕ್ಟರ್’, ‘ಈಸ್ ಶಿ ಎ ಡಾಕ್ಟರ್?’ ತೊಡಕು ಏನೆಂದರೆ ನಮ್ಮ ‘ಅವರು ಡಾಕ್ಟರ್’ನಲ್ಲಿ ಕ್ರಿಯಾಪದವೇ ಇಲ್ಲ. ಹಾಗಾಗಿ ಎಲ್ಲಿ ‘ಈಸ್’ ಇರಬೇಕು ಅನ್ನುವುದು ಹೊಳೆಯುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಹಾಕುತ್ತೇವೆ: ‘ಆರ್ ಯೂ ಲಿವ್ ಹಿಯರ್?’, ‘ಡೂ ಯೂ ರೆಡಿ?’

ವಾಕ್ಯವನ್ನು ಗ್ರಾಂಥಿಕ ಕನ್ನಡದಲ್ಲಿ ಇಲ್ಲ ಮಾಡಿ ನೋಡುವುದು ನನಗೆ ಹಿಡಿಸಿದ ಉಪಾಯ. ‘ಅಲ್ಲ’ ಬಂದರೆ (ಅವರು ಡಾಕ್ಟರ್ ಅಲ್ಲ) ‘ಈಸ್ ನಾಟ್, ಆರ್ ನಾಟ್’. ‘-ವುದಿಲ್ಲ’ ಬಂದರೆ (ಅವರು ಇಲ್ಲಿ ವಾಸಿಸುವುದಿಲ್ಲ) ‘ಡೋಂಟ್, ಡಸಂಟ್’. ಆಡುಮಾತಿನಲ್ಲಿ ಇದನ್ನು ಮಾಡಬೇಡಿ, ‘ತಿನ್ನಲ್ಲ’ ಮತ್ತು ‘ಡಾಕ್ಟರಲ್ಲ’ ಎರಡೂ ಒಂದೇ ರೀತಿ ಕೇಳಿಸಿ ಲೆಕ್ಕ ತಪ್ಪುತ್ತದೆ. ಬರೀ ‘ಇಲ್ಲ’ ಬಂದರೆ ಎರಡು ದಾರಿ: ‘ಅವನು ಮನೆಯಲ್ಲಿ ಇಲ್ಲ’ ಅಂದರೆ ‘ಹಿ ಈಸ್ ನಾಟ್ ಅಟ್ ಹೋಮ್’, ‘ನನ್ನ ಹತ್ತಿರ ಚಿಲ್ಲರೆ ಇಲ್ಲ’ ಅಂದರೆ ‘ಐ ಡೋಂಟ್ ಹ್ಯಾವ್ ಚೇಂಜ್’. ಮೊದಲನೆಯದು ಇರುವಿಕೆ, ಎರಡನೆಯದು ಒಡೆತನ.

‘ಐ ಆಮ್ ನಾಟ್ ಈಟಿಂಗ್ ಎಗ್’ ಅಂದರೆ ಈಗ ತಿನ್ನುತ್ತಿಲ್ಲ. ಮೊಟ್ಟೆ ಮುಟ್ಟುವುದೇ ಇಲ್ಲ ಅನ್ನುವವರು ‘ಐ ಡೋಂಟ್ ಈಟ್ ಎಗ್ಸ್’ ಅನ್ನಬೇಕು.

‘ಹೂ’ ಬಂದರೆ ‘ಡಸ್’ ಬೇಕೋ ಬೇಡವೋ

ಈ ಭಾಗ ಉದ್ದವಾಗುತ್ತೆ. ಪುಸ್ತಕಗಳಲ್ಲಿ ಇದಕ್ಕೆ ಎರಡು ಸಾಲು ಕೊಟ್ಟು ಮುಂದೆ ಹೋಗುತ್ತಾರೆ, ಒದ್ದಾಟವೆಲ್ಲ ಇಲ್ಲೇ ಇರೋದು.

‘ಆಮ್, ಈಸ್, ಆರ್’ ಇಲ್ಲದ ವಾಕ್ಯದಲ್ಲಿ ‘ವೇರ್, ವೆನ್, ವೈ’ ಇಲ್ಲವೇ ಬರೀ ‘ಹೌ’ ಬಂದರೆ ಯೋಚನೆಯೇ ಬೇಡ, ಅದರ ನಂತರ ‘ಡೂ’ ಇಲ್ಲವೇ ‘ಡಸ್’ ಬರಲೇಬೇಕು: ‘ವೇರ್ ಡೂ ಯೂ ಲಿವ್?’ (ಬರೀ ‘ವೇರ್ ಯೂ ಲಿವ್?’ ಅಲ್ಲ.) ಆದರೆ ‘ಹೂ, ವಾಟ್, ವಿಚ್’ ಬಂದರೆ ಒಮ್ಮೆ ‘ಡೂ’ ಇರುತ್ತದೆ, ಒಮ್ಮೆ ಇರುವುದಿಲ್ಲ.

ಹೂ ಟೀಚಸ್ ಯೂ?
ಹೂ ಡಸ್ ಶಿ ಟೀಚ್?

ಎರಡೂ ಸರಿ. ಮೊದಲನೆಯದು ‘ನಿಮಗೆ ಯಾರು ಪಾಠ ಮಾಡುತ್ತಾರೆ?’ ಎರಡನೆಯದು ‘ಅವರು ಯಾರಿಗೆ ಪಾಠ ಮಾಡುತ್ತಾರೆ?’ ಇಂಗ್ಲಿಷಿನಲ್ಲಿ ಎರಡಕ್ಕೂ ‘ಹೂ’ ಒಂದೇ, ಕನ್ನಡದಲ್ಲಿ ವಿಭಕ್ತಿ ಬೇರೆ. ಇದೇ ನಮಗೆ ಸಿಕ್ಕ ವರ! ಕನ್ನಡದಲ್ಲಿ ಬರೀ ‘ಯಾರು’ ಬಂದರೆ, ಅಂದರೆ ಕೆಲಸ ಮಾಡುವವನ ಬಗ್ಗೆಯೇ ಪ್ರಶ್ನೆ ಇದ್ದರೆ, ‘ಡೂ’ ಬೇಡ, ಎಸ್ ತನ್ನ ಹಳೆಯ ಜಾಗದಲ್ಲೇ ಇರುತ್ತದೆ. ‘ಯಾರನ್ನು, ಯಾರಿಗೆ, ಯಾರ ಜೊತೆ’ ಬಂದರೆ ‘ಡೂ’ ಬೇಕು.

‘ಏನು’ ಸ್ವಲ್ಪ ಮೋಸ ಮಾಡುತ್ತದೆ, ಯಾಕೆಂದರೆ ಮಾತಿನಲ್ಲಿ ನಾವು ‘ಏನನ್ನು’ ಅನ್ನುವುದಿಲ್ಲ. ಬಲವಂತವಾಗಿ ಅನ್ನಿಸಿ ನೋಡಿ. ‘ಏನನ್ನು ತಿನ್ನುತ್ತೀರಿ?’ ಕೃತಕ, ಆದರೂ ನಡೆಯುತ್ತದೆ, ಆದ್ದರಿಂದ ‘ವಾಟ್ ಡೂ ಯೂ ಈಟ್?’ ‘ಈ ಬಟನ್ ಒತ್ತಿದರೆ ಏನನ್ನು ಆಗುತ್ತದೆ?’ ನಡೆಯುವುದೇ ಇಲ್ಲ, ಆದ್ದರಿಂದ ‘ವಾಟ್ ಹ್ಯಾಪನ್ಸ್ ಇಫ್ ಐ ಪ್ರೆಸ್ ದಿಸ್ ಬಟನ್?’

ಬೆಂಗಳೂರಿನ ಬಸ್ ಸ್ಟಾಪಿನಲ್ಲಿ ನಿಂತವರಿಗೆ ಮೂರೂ ಬಗೆ ಒಟ್ಟಿಗೇ ಸಿಗುತ್ತವೆ. ‘ಡಸ್ ದಿಸ್ ಬಸ್ ಗೋ ಟು ಮೆಜೆಸ್ಟಿಕ್?’ ಹೌದು-ಇಲ್ಲ ಪ್ರಶ್ನೆ, ‘ಡಸ್’ ಇದೆ. ‘ವಿಚ್ ಬಸ್ ಗೋಸ್ ಟು ಮೆಜೆಸ್ಟಿಕ್?’ ಯಾವ ಬಸ್ಸು ಹೋಗುತ್ತದೆ, ಹೋಗುವುದು ಬಸ್ಸೇ, ‘ಡಸ್’ ಇಲ್ಲ. ‘ವಿಚ್ ಬಸ್ ಡೂ ಯೂ ಟೇಕ್?’ ಯಾವ ಬಸ್ಸನ್ನು ಹಿಡಿಯುತ್ತೀರಿ, ಹಿಡಿಯುವುದು ನೀವು, ‘ಡೂ’ ಬಂತು.

ಇಷ್ಟಾದ ಮೇಲೂ ಒಂದು ಗುಂಡಿ ಇದೆ. ಬೇಕು, ಗೊತ್ತು, ಇಷ್ಟ: ಈ ಮೂರು ಬಂದರೆ ಮೇಲಿನ ಉಪಾಯ ತಲೆಕೆಳಗು. ‘ಕಾಫಿ ಯಾರಿಗೆ ಬೇಕು?’ ಅನ್ನುವುದರಲ್ಲಿ ‘ಯಾರಿಗೆ’ ಇದೆ, ಆದರೆ ಇಂಗ್ಲಿಷಿನಲ್ಲಿ ‘ಹೂ ವಾಂಟ್ಸ್ ಕಾಫಿ?’ ‘ಯಾರಿಗೆ ಗೊತ್ತು?’ ಅಂದರೆ ‘ಹೂ ನೋಸ್?’ ಅದೇ ‘ನಿಮಗೆ ಯಾರು ಬೇಕು?’ ಅನ್ನುವುದರಲ್ಲಿ ಬರೀ ‘ಯಾರು’ ಇದೆ, ಆದರೆ ‘ಹೂ ಡೂ ಯೂ ವಾಂಟ್?’ ಕಾರಣ ಸರಳ. ಕನ್ನಡದಲ್ಲಿ ಬೇಕಾಗಿರುವವರಿಗೆ ‘ಗೆ’ ಹತ್ತುತ್ತದೆ (ನನಗೆ, ಅವಳಿಗೆ). ಇಂಗ್ಲಿಷಿನಲ್ಲಿ ಅದೇ ಮನುಷ್ಯ ಕರ್ತೃವಿನ ಕುರ್ಚಿಯಲ್ಲಿ ಕೂರುತ್ತಾನೆ. ಈ ಮೂರನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ, ಉಳಿದೆಲ್ಲಕ್ಕೂ ‘ಯಾರು, ಯಾರನ್ನು’ ಪರೀಕ್ಷೆ ಸಾಕಷ್ಟು ಚೆನ್ನಾಗಿ ನಡೆಯುತ್ತದೆ.

ಚಿಕ್ಕ ಎರಡು ಮಾತು. ‘ಯಾರು ಪಾಠ ಮಾಡ್ತಾರೆ’ ಅಂತ ನಾವು ಬಹುವಚನ ಹಾಕುತ್ತೇವೆ ಅಂತ ‘ಹೂ ಟೀಚ್ ಯೂ?’ ಅನ್ನಬಾರದು. ಪಾಠ ಮಾಡುವವರು ಹತ್ತು ಜನ ಇದ್ದರೂ ‘ಹೂ ಟೀಚಸ್’. ಮತ್ತೆ, ‘ನಾಟ್’ ಬಂದರೆ ಇಲ್ಲೂ ‘ಡಸ್’ ಬಂದೇ ಬರುತ್ತದೆ: ‘ಹೂ ಡಸಂಟ್ ವಾಂಟ್ ಕಾಫಿ?’

ವಾಕ್ಯದೊಳಗೆ ಸೇರಿಕೊಂಡ ಪ್ರಶ್ನೆ

‘ವೇರ್ ಡಸ್ ಶಿ ಲಿವ್?’ ನೇರ ಪ್ರಶ್ನೆ. ‘ಅವಳು ಎಲ್ಲಿರುತ್ತಾಳೋ ನನಗೆ ಗೊತ್ತಿಲ್ಲ’ ಅಂದರೆ ‘ಐ ಡೋಂಟ್ ನೋ ವೇರ್ ಶಿ ಲಿವ್ಸ್.’ ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಹೋದಕೂಡಲೇ ‘ಡಸ್’ ಬಿದ್ದುಹೋಗಿ ಎಸ್ ವಾಪಸ್ ‘ಲಿವ್ಸ್’ಗೆ ಬಂತು. ಹೌದು-ಇಲ್ಲ ಪ್ರಶ್ನೆಯಾದರೆ ನಡುವೆ ‘ಇಫ್’: ‘ಐ ಡೋಂಟ್ ನೋ ಇಫ್ ಶಿ ಲಿವ್ಸ್ ಹಿಯರ್.’ ಸಂದರ್ಶನದಲ್ಲಿ ವಿನಯವಾಗಿ ಕೇಳಲು ಇದೇ ಬೇಕಾಗುವುದು: ‘ಕುಡ್ ಯೂ ಟೆಲ್ ಮಿ ವೆನ್ ದ ಟ್ರೇನಿಂಗ್ ಸ್ಟಾರ್ಟ್ಸ್?’

‘ಡೋಂಟ್ ಯೂ?’ಗೆ ಉತ್ತರ

‘ಡೋಂಟ್ ಯೂ ಈಟ್ ಎಗ್ಸ್?’ ಅಂತ ಕೇಳಿದರು, ನೀವು ತಿನ್ನುವುದಿಲ್ಲ. ಕನ್ನಡದಲ್ಲಿ ‘ತಿನ್ನಲ್ವಾ?’ ಅಂದರೆ ‘ಹೂಂ, ತಿನ್ನಲ್ಲ’ ಅನ್ನುವುದೂ ಉಂಟು. ಅದೇ ಲಯದಲ್ಲಿ ‘ಯೆಸ್’ ಅಂದರೆ ತಟ್ಟೆಗೆ ಆಮ್ಲೆಟ್ ಬರುತ್ತದೆ. ಇಂಗ್ಲಿಷಿನಲ್ಲಿ ಕೇಳಿದ ರೀತಿ ಲೆಕ್ಕಕ್ಕಿಲ್ಲ, ‘ಯೆಸ್’ ಜೊತೆ ‘ಐ ಡೂ’, ‘ನೋ’ ಜೊತೆ ‘ಐ ಡೋಂಟ್’. ತಿನ್ನದವರು ‘ನೋ, ಐ ಡೋಂಟ್’ ಅನ್ನಿ.

ಕೈ ಪಳಗಿಸಲು ಕೆಲವು

ಇವನ್ನು ಇಂಗ್ಲಿಷಿಗೆ ತನ್ನಿ: ಅವನ ಹತ್ತಿರ ಬೈಕ್ ಇಲ್ಲ. ನಿಮ್ಮ ತಂಗಿ ಏನು ಓದುತ್ತಾಳೆ? ಈ ಮನೆಯಲ್ಲಿ ಯಾರು ಅಡುಗೆ ಮಾಡುತ್ತಾರೆ? ಅವಳಿಗೆ ಯಾರು ಇಷ್ಟ? ಅಂಗಡಿ ಯಾವಾಗ ತೆರೆಯುತ್ತದೋ ಗೊತ್ತಿಲ್ಲ.

ಉತ್ತರ: ಹಿ ಡಸಂಟ್ ಹ್ಯಾವ್ ಎ ಬೈಕ್. ವಾಟ್ ಡಸ್ ಯುವರ್ ಸಿಸ್ಟರ್ ಸ್ಟಡಿ? ಹೂ ಕುಕ್ಸ್ ಇನ್ ದಿಸ್ ಹೌಸ್? ಹೂ ಡಸ್ ಶಿ ಲೈಕ್? ಐ ಡೋಂಟ್ ನೋ ವೆನ್ ದ ಶಾಪ್ ಓಪನ್ಸ್. ನಾಲ್ಕನೆಯದಕ್ಕೆ ‘ಹೂ ಲೈಕ್ಸ್ ಹರ್?’ ಅಂತ ಬರೆದಿದ್ದರೆ ಅದು ‘ಅವಳು ಯಾರಿಗೆ ಇಷ್ಟ?’ ಅಂತಾಯಿತು, ‘ಹೂ’ ಭಾಗದ ಗುಂಡಿಯನ್ನು ಇನ್ನೊಮ್ಮೆ ಓದಿ.