ಬೋರ್ಡ್ ಹಾಕಿ ಮೂರು ತಿಂಗಳಾಯ್ತು, ಕೆಲಸ ಗೊತ್ತಿರೋ ಹುಡುಗರು ಯಾಕೆ ಬರ್ತಿಲ್ಲ?

ಪ್ರಶ್ನೆ: ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್ ಇದೆ. ಫೌಂಡ್ರಿಯಿಂದ ಬರುವ ಕಾಸ್ಟಿಂಗ್‌ಗಳಿಗೆ (ಲೋಹ ಕರಗಿಸಿ ಅಚ್ಚಿಗೆ ಹೊಯ್ದ ಭಾಗಗಳಿಗೆ) ಮೆಷಿನಿಂಗ್ ಮಾಡಿಕೊಡುತ್ತೇವೆ. ಸಿ.ಎನ್.ಸಿ. (ಕಂಪ್ಯೂಟರ್ ಮೂಲಕ ನಡೆಯುವ ಮೆಷಿನ್) ಆಪರೇಟರ್‌ಗಾಗಿ ಮೂರು ತಿಂಗಳಿಂದ ಹುಡುಕುತ್ತಿದ್ದೇನೆ. ಬರೋರಿಗೆ ಕೆಲಸ ಗೊತ್ತಿಲ್ಲ, ಗೊತ್ತಿರೋರು ಬರಲ್ಲ. ಊರಲ್ಲಿ ಕೆಲಸ ಇಲ್ಲ ಅಂತಾರಲ್ಲ, ಆ ಹುಡುಗರೆಲ್ಲ ಎಲ್ಲಿ ಹೋದರು?

ಉತ್ತರ: ಎಲ್ಲಿ ಹೋದರು ಅನ್ನೋದು ನಿಮಗೂ ಗೊತ್ತು. ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಬೆಂಗಳೂರು. ಅಲ್ಲಿಯ ಪೀಣ್ಯ ಕೈಗಾರಿಕಾ ಪ್ರದೇಶದ ಗಲ್ಲಿಗಳಲ್ಲಿ ನಮ್ಮ ತೀರ್ಥಹಳ್ಳಿ, ಸಾಗರ, ಭದ್ರಾವತಿ ಕಡೆಯ ಹುಡುಗರು ಬೇಕಾದಷ್ಟು ಸಿಗುತ್ತಾರೆ. ಅವರಲ್ಲಿ ಸುಮಾರು ಜನಕ್ಕೆ ಊರಿಗೆ ಬರುವ ಆಸೆ ಇದೆ. ಆದರೂ ನಿಮ್ಮ ಬೋರ್ಡ್ ನೋಡಿ ಬರುವುದಿಲ್ಲ. ಮೊದಲು ಆ ಬೋರ್ಡನ್ನೇ ನೋಡೋಣ.

ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ, ವಾಟ್ಸ್ಆಪ್ ಗ್ರೂಪುಗಳಲ್ಲಿ ನಾನು ನೋಡುವ ಜಾಹೀರಾತೆಲ್ಲ ಹೆಚ್ಚುಕಡಿಮೆ ಒಂದೇ ಥರ. ‘ಬೇಕಾಗಿದ್ದಾರೆ. ಸಿ.ಎನ್.ಸಿ., ವಿ.ಎಂ.ಸಿ. ಆಪರೇಟರ್. 3 ವರ್ಷ ಅನುಭವ ಕಡ್ಡಾಯ. ಸಂಬಳ ಅರ್ಹತೆಗೆ ತಕ್ಕಂತೆ.’ ಕೆಳಗೊಂದು ಫೋನ್ ನಂಬರು. ಅಷ್ಟೇ.

ಕೆಲಸ ಚೆನ್ನಾಗಿ ಗೊತ್ತಿರುವ ಹುಡುಗ ಇದನ್ನು ಓದುತ್ತಾನೆ ಅಂದುಕೊಳ್ಳಿ. ಡ್ರಾಯಿಂಗ್ ಓದಬಲ್ಲ, ಮೆಷಿನ್‌ಗೆ ಟೂಲಿನ ಅಳತೆ (ಆಫ್‌ಸೆಟ್) ಹಾಕಬಲ್ಲ, ಮೈಕ್ರೋಮೀಟರ್ ಹಿಡಿದು ಅಳತೆ ಸರಿ ಇದೆಯಾ ಇಲ್ಲವಾ ಅಂತ ಹೇಳಬಲ್ಲ. ಅಂಥವನು ಸುಮ್ನೆ ಮನೆಯಲ್ಲಿ ಕೂತಿರುವುದಿಲ್ಲ, ಈಗಾಗಲೇ ಎಲ್ಲೋ ಕೆಲಸದಲ್ಲಿರುತ್ತಾನೆ. ಅವನಿಗೆ ತಿಳಿಯಬೇಕಾದ್ದು ಬೇರೆ. ಕೈಗೆ ಎಷ್ಟು ಬರುತ್ತೆ? ಶಿಫ್ಟ್ 8 ಗಂಟೆಯಾ, 12 ಗಂಟೆಯಾ? ಓ.ಟಿ.ಗೆ ಡಬಲ್ ಕೊಡ್ತಾರಾ? (1948ರ ಕಾರ್ಖಾನೆಗಳ ಕಾಯ್ದೆಯ ಕಾಲದಿಂದಲೂ ಕಾನೂನು ಡಬಲ್ ಅಂತಲೇ ಹೇಳುತ್ತದೆ.) ಪಿ.ಎಫ್. ಕಟ್ತಾರಾ? ಸೆಕೆಂಡ್ ಶಿಫ್ಟ್ ಮುಗಿದ ಮೇಲೆ ಮನೆಗೆ ಹೋಗಲು ಬಸ್ ಇದೆಯಾ? ಬೋರ್ಡಿನಲ್ಲಿ ಒಂದಕ್ಕೂ ಉತ್ತರ ಇಲ್ಲ. ಕೆಲಸ ಇಲ್ಲದವನು ಹೇಗೂ ಫೋನ್ ಮಾಡುತ್ತಾನೆ, ಅವನು ಕಳೆದುಕೊಳ್ಳುವುದು ಏನೂ ಇಲ್ಲ. ಕೆಲಸ ಇರುವವನು ಏನೂ ತಿಳಿಯದೆ ಒಂದು ದಿನದ ಸಂಬಳ ಬಿಟ್ಟು, ಬಸ್ ಚಾರ್ಜ್ ಹಾಕಿಕೊಂಡು ಯಾಕೆ ಬರಬೇಕು? ‘ಬರೋರಿಗೆ ಕೆಲಸ ಗೊತ್ತಿಲ್ಲ’ ಅಂದಿರಲ್ಲ, ಅವರನ್ನು ಆರಿಸಿ ಕರೆಸುತ್ತಿರುವುದು ನಿಮ್ಮ ಬೋರ್ಡೇ.

ನಮ್ಮ ಅಡಿಕೆ ತೋಟದವರನ್ನು ನೋಡಿ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಸಿಗುವುದು ಎಷ್ಟು ಕಷ್ಟ ಅಂತ ಮಲೆನಾಡಿನಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕೊಳೆ ರೋಗದ ಔಷಧಿ ಹೊಡೆಯಲು, ಆಮೇಲೆ ಕೊನೆ ಇಳಿಸಲು, ಎರಡಕ್ಕೂ ಅವನೇ ಬೇಕು. ‘ಕೊನೆಗಾರ ಬೇಕಾಗಿದ್ದಾನೆ, ಕೂಲಿ ಅರ್ಹತೆಗೆ ತಕ್ಕಂತೆ’ ಅಂತ ಯಾರಾದರೂ ಬೋರ್ಡ್ ಹಾಕಿದ್ದು ಕಂಡಿದ್ದೀರಾ? ತಿಂಗಳ ಮುಂಚೆಯೇ ಅವನ ಮನೆಗೆ ಹೋಗುತ್ತಾರೆ. ಎಷ್ಟು ಮರ, ಎಷ್ಟು ದಿನ, ದಿನಕ್ಕೆ ಎಷ್ಟು ಅಂತ ಅಲ್ಲೇ ಮಾತಾಡುತ್ತಾರೆ. ಮುಂಗಡ ಕೊಟ್ಟು ಬರುತ್ತಾರೆ. ಹೇಳಿದ ದಿನ ಬೈಕಿನಲ್ಲಿ ಕರೆತಂದು, ತಿಂಡಿ ಕೊಟ್ಟು ತೋಟಕ್ಕೆ ಕಳಿಸುತ್ತಾರೆ. ಮರದಿಂದ ಮರಕ್ಕೆ ಜಿಗಿಯುವ ಆ ಕೈಗೆ ಎಷ್ಟು ಬೆಲೆ ಇದೆ ಅಂತ ತೋಟದವರಿಗೆ ಚೆನ್ನಾಗಿ ಗೊತ್ತು. ಅದೇ ಊರಿನ ಹುಡುಗ ಐ.ಟಿ.ಐ.ನಲ್ಲಿ ಟರ್ನರ್ (ಲೇತ್ ಕೆಲಸ) ಕೋರ್ಸ್ ಮುಗಿಸಿ ಬಂದರೆ ಮಾತ್ರ ‘ನೋಡೋಣ, ಬಯೋಡೇಟಾ ಕೊಟ್ಟು ಹೋಗಪ್ಪ’ ಅನ್ನುತ್ತೇವೆ.

ಒಂದು ಸಲ ನಾನೂ ಹೀಗೆ ಫೈಲ್ ಹಿಡಿದುಕೊಂಡು ಕೂತಿದ್ದೆ. ಹತ್ತು ಗಂಟೆಗೆ ಬಾ ಅಂದಿದ್ದರು. ಕರೆದದ್ದು ಎರಡೂವರೆಗೆ. ನೀರು ಬೇಕಾ ಅಂತ ಕೇಳಿದವರೂ ಇಲ್ಲ. ಮೂರು ನಿಮಿಷ ಮಾತಾಡಿಸಿ ‘ತಿಳಿಸ್ತೀವಿ’ ಅಂದರು. ಇವತ್ತಿಗೂ ತಿಳಿಸಿಲ್ಲ. ಆ ಬೆಂಚಿನ ಮೇಲೆ ನನ್ನ ಜೊತೆ ಇನ್ನೂ ಆರು ಜನ ಇದ್ದರು. ಮುಂದೆ ಆ ಕಂಪನಿ ಹೆಸರು ಕೇಳಿದಾಗ ನಾವು ಏಳೂ ಜನ ನಮ್ಮ ಗೆಳೆಯರಿಗೆ ಏನು ಹೇಳಿರಬಹುದು? ಸಣ್ಣ ಊರು ನಮ್ಮದು, ಮಾತು ಬೇಗ ಹರಡುತ್ತದೆ.

ಅಪ್ಪ ಅಮ್ಮಂದಿರ ಭಯವೂ ಇದೆ, ಅದು ಸುಳ್ಳು ಭಯ ಅಲ್ಲ. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣದ ಕಾರ್ಖಾನೆ ನಡೆದು ಬಂತು. ಆಮೇಲೆ ಪೇಪರ್ ಮಿಲ್ ಬಂತು. ‘ಫ್ಯಾಕ್ಟರಿ ಕೆಲಸ’ ಅಂದರೆ ಆಗ ಹೆಣ್ಣು ಕೊಡುವವರಿಗೂ ಧೈರ್ಯ. ಪೇಪರ್ ಮಿಲ್ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 2023ರ ಜನವರಿಯಲ್ಲಿ ಆ ಕಬ್ಬಿಣದ ಕಾರ್ಖಾನೆ, ಅಂದರೆ ವಿ.ಐ.ಎಸ್.ಎಲ್., ಮುಚ್ಚುವ ತೀರ್ಮಾನ ಹೊರಬಿದ್ದು, ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಇದನ್ನೆಲ್ಲ ಕಣ್ಣಾರೆ ಕಂಡ ಮನೆಯವರು, ಆಫರ್ ಲೆಟರೂ ಕೊಡದ ಶೆಡ್ಡಿಗೆ ಮಗನನ್ನು ಹೇಗೆ ಕಳಿಸುತ್ತಾರೆ? ಒಂದು ಹಾಳೆಯಲ್ಲಿ ನೇಮಕಾತಿ ಪತ್ರ ಬರೆದುಕೊಡಿ. 20 ಜನಕ್ಕಿಂತ ಕಡಿಮೆ ಇದ್ದರೆ ಪಿ.ಎಫ್. ಕಡ್ಡಾಯ ಅಲ್ಲ, ನಿಜ. ಆದರೆ ಕೆಲಸಗಾರರೂ ಒಪ್ಪಿದರೆ ನೀವಾಗಿಯೇ ಸೇರಬಹುದು. ಮನೆಯವರ ಭಯ ಅರ್ಧ ಅಲ್ಲೇ ಇಳಿಯುತ್ತದೆ.

‘ಯುವನಿಧಿ ಕೊಟ್ಟು ಹುಡುಗರನ್ನು ಸೋಮಾರಿ ಮಾಡಿದ್ದಾರೆ’ ಅನ್ನುವ ಮಾತೂ ಕೇಳಿದ್ದೇನೆ. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲೇ ಚಾಲನೆ ಸಿಕ್ಕ ಯೋಜನೆ ಅದು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಅದೂ ಹೆಚ್ಚೆಂದರೆ ಎರಡು ವರ್ಷ. ಬರೀ ಐ.ಟಿ.ಐ. ಮುಗಿಸಿದವರು ಅದರಲ್ಲಿ ಬರುವುದೇ ಇಲ್ಲ. ನಿಮಗೆ ಆಪರೇಟರ್ ಸಿಗದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಪೀಣ್ಯದಷ್ಟು ಸಂಬಳ ಕೊಡಲು ನಿಮ್ಮಿಂದ ಆಗದಿರಬಹುದು. ಜಾಬ್ ವರ್ಕಿನ (ಬೇರೆ ಕಂಪನಿಗೆ ಮಾಡಿಕೊಡುವ ಕೆಲಸದ) ರೇಟು ಗೊತ್ತುಮಾಡುವವರು ಬೇರೆಯವರು, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿಯ ಹುಡುಗ ರೂಮಿನ ಬಾಡಿಗೆ, ಮೆಸ್ಸು, ಊರಿಗೆ ಓಡಾಟ ಅಂತ ಎಷ್ಟು ಕಳೆಯುತ್ತಾನೆ ಅಂತ ಅವನನ್ನೇ ಕೇಳಿ. ಉಳಿಯುವ ದುಡ್ಡಿನ ಲೆಕ್ಕ ಹಾಕಿದರೆ ಅಂತರ ಚಿಕ್ಕದಾಗುತ್ತದೆ. ಬೆಂಗಳೂರು ಕೊಡಲಾಗದ ಒಂದನ್ನು ನೀವು ಕೊಡಬಹುದು: ಅಡಿಕೆ ಕೊಯ್ಲಿನ ಸಮಯದಲ್ಲಿ ಸರದಿ ಪ್ರಕಾರ ನಾಲ್ಕು ದಿನ ರಜೆ. ಹೇಗೂ ಆಗ ಅರ್ಧ ಜನ ಹೇಳದೇ ಕೇಳದೇ ರಜೆ ಹಾಕುತ್ತಾರೆ, ಅಲ್ವಾ? ಅದನ್ನೇ ಮೊದಲೇ ಬರೆದು ಕೊಟ್ಟುಬಿಡಿ.

ಇನ್ನು ಆ ‘3 ವರ್ಷ ಅನುಭವ ಕಡ್ಡಾಯ’. ಎಲ್ಲರೂ ಅನುಭವಸ್ಥರನ್ನೇ ಕೇಳಿದರೆ ಮೊದಲ ವರ್ಷದ ಅನುಭವ ಕೊಡುವವರು ಯಾರು? 1961ರ ಅಪ್ರೆಂಟಿಸ್ ಕಾಯ್ದೆ ಇರುವುದೇ ಇದಕ್ಕೆ. 30 ಅಥವಾ ಹೆಚ್ಚು ಜನ ಇರುವ ಕಡೆ ಅಪ್ರೆಂಟಿಸ್ (ಕೆಲಸ ಮಾಡುತ್ತಾ ಕಲಿಯುವವರನ್ನು) ತೆಗೆದುಕೊಳ್ಳುವುದು ಕಡ್ಡಾಯ, ನಾಲ್ಕು ಜನ ಇದ್ದರೂ ಇಷ್ಟಪಟ್ಟು ತೆಗೆದುಕೊಳ್ಳಬಹುದು. ಸ್ಟೈಪೆಂಡಿನಲ್ಲಿ ಕಾಲು ಭಾಗ, ಗರಿಷ್ಠ ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುವ ಯೋಜನೆ 2016ರಲ್ಲಿ ಬಂತು. ಹತ್ತಿರದ ಐ.ಟಿ.ಐ.ಗೆ ಪರೀಕ್ಷೆ ಮುಗಿಯುವ ಮುಂಚೆಯೇ ಒಮ್ಮೆ ಹೋಗಿ ಬನ್ನಿ. ಅಲ್ಲಿ ಪಾಠ ಮಾಡುವ ಜೆ.ಟಿ.ಓ. ಹತ್ತಿರ ಕೂತು ಮಾತಾಡಿ. ಯಾವ ಹುಡುಗನ ಕೈ ಚೆನ್ನಾಗಿದೆ, ಯಾವ ಹುಡುಗಿ ಡ್ರಾಯಿಂಗ್ ಬೇಗ ಓದುತ್ತಾಳೆ ಅಂತ ಅವರಿಗೆ ಗೊತ್ತಿರುತ್ತದೆ. ಹುಡುಗಿ ಅಂದೆ, ಗಮನಿಸಿ. ಸಿ.ಎನ್.ಸಿ. ಮೆಷಿನ್ ನಡೆಸಲು ತೋಳ್ಬಲ ಮುಖ್ಯ ಅಲ್ಲ. ಒಂದು ಶುಚಿಯಾದ ಶೌಚಾಲಯ, ಕತ್ತಲಾಗುವ ಮುಂಚೆ ಮುಗಿಯುವ ಶಿಫ್ಟ್, ಇವೆರಡು ಇದ್ದರೆ ನೀವು ಹುಡುಕುವ ಜಾಗವೇ ದೊಡ್ಡದಾಗುತ್ತದೆ.

ಐ.ಟಿ.ಐ.ಗೆ ಹೋಗುವ ಮುಂಚೆ ಹಳೇ ಬೋರ್ಡ್ ಇಳಿಸಿ. ಹೊಸದರಲ್ಲಿ ಕೈಗೆ ಬರುವ ಸಂಬಳ ಎಷ್ಟು, ಶಿಫ್ಟ್ ಎಷ್ಟು ಹೊತ್ತಿಂದ ಎಷ್ಟು ಹೊತ್ತಿಗೆ, ಯಾವ ಮೆಷಿನ್ ಅಂತ ದೊಡ್ಡದಾಗಿ ಬರೆಸಿ. ಫೋನ್ ನಂಬರು ನಿಮ್ಮದೇ ಇರಲಿ. ಎರಡನೇ ಪಾಳಿ ಮುಗಿಸಿ ಬಂದವರು ರಾತ್ರಿ ಹತ್ತೂವರೆಗೆ ಮಾಡಿದರೂ ಎತ್ತಿ ಮಾತಾಡಿ.